ಯಾವ ಹಣ್ಣಿನ ಹುಳಿ

ಕರೆಂಟು ಹೋಗಿ ಒಂದು ತಾಸಾಯಿತು.
ವಿಜಯಪುರದ ಏಪ್ರಿಲ್ಲು ತಗಡಿನ ಮೇಲೆ ಬೋರಲು ಬಿದ್ದಿದೆ.
ಪ್ರಾಣಿಮನೆಯ ಕಿಟಕಿಗೆ ಯಲಗೂರದಪ್ಪ ಒದ್ದೆ ಗೋಣಿ ಕಟ್ಟಿ
ನೀರು ಚಿಮುಕಿಸುತ್ತಾನೆ, ಇಲಿಗಳಿಗೊಮ್ಮೆ, ತನಗೊಮ್ಮೆ.

ಬಿಳಿ ಇಲಿ ಇಪ್ಪತ್ತನಾಲ್ಕಿದ್ದವು. ಬಾಲಕ್ಕೆ ಬಣ್ಣ.
ಹಳದಿ ಬಾಲದವನ್ನು ಯಾರೂ ಮುಟ್ಟಲಿಲ್ಲ.
ನೀಲಿಯವಕ್ಕೆ ಬೀಜ ತೆಗೆದೆ.
ಕೆಂಪಿನವಕ್ಕೂ ತೆಗೆದೆ, ಆದರೆ ದಿನಾ ಮುಂಜಾನೆ
ಎಳ್ಳೆಣ್ಣೆಯಲ್ಲಿ ಕರಗಿಸಿದ ಟೆಸ್ಟೋಸ್ಟೆರಾನು ಒಂದೊಂದು ಸೂಜಿ,
ಉದ್ರಿ ತೀರಿಸುವ ಹಾಗೆ.
ಹಸಿರಿನವನ್ನು ಬರೇ ಕೊಯ್ದೆ, ನೋಡಿದೆ,
ಏನೂ ತೆಗೆಯದೆ ಹೊಲಿದೆ.

ಯಲಗೂರದಪ್ಪನಿಗೆ ಹಸಿರಿನದೇ ಸಂಕಟ.
"ಏನೂ ತಗೀಲಿಲ್ಲಂದ್ರ ಕೊಯ್ದದ್ಯಾಕ್ರೀ ಮೇಡಮ್ಮಾರ?"
ಕೊಯ್ದದ್ದರ ನೋವು ಬೇರೆ, ಕಳಕೊಂಡದ್ದರ ಲೆಕ್ಕ ಬೇರೆ,
ಎರಡೂ ಒಂದೇ ಖಾತೆಗೆ ಬೀಳಬಾರದು ಅಂದೆ.
ಅವನು ಬಹಳ ಹೊತ್ತು ಸುಮ್ಮನಿದ್ದು, "ಅದು ಖರೆ ಬಿಡ್ರಿ" ಅಂದ.

ಅವನಪ್ಪ ಆಲಮೇಲದ ಕಡೆ ಹೋರಿ ಬಡಿಯುತ್ತಿದ್ದನಂತೆ.
ಎರಡು ಕೋಲು, ಒಂದು ಹಗ್ಗ, ಮೇಲೆ ಅರಿಷಿಣ, ಎಣ್ಣೆ.
ನಾಲ್ಕು ಮಂದಿ ಕೆಡವಿ ಹಿಡಿದರೆ
ಹೋರಿಯ ಕಣ್ಣಿನಲ್ಲಿ ಹೊಲವೆಲ್ಲ ತಲೆಕೆಳಗು.
"ಆಮ್ಯಾಲೆ ಡುಬ್ಬ ಇಳೀತದ್ರಿ, ಕೊಂಬು ಉದ್ದ ಬೆಳೀತಾವ,
ಗುಟುರು ಹಾಕೂದು ಬಿಡತದ.
ಒಳಗೇನಾಗತದ, ಅದನ್ಯಾರ್ ನೋಡ್ಯಾರ?"

ನಾನು ನೋಡಿದ್ದೇನೆ.
ನಿನ್ನೆ, ಇಪ್ಪತ್ತೊಂದನೆಯ ದಿನ, ಹನ್ನೆರಡನ್ನು ತೆರೆದೆ.
ಮೂತ್ರಚೀಲದ ಕೊರಳಿಗೆ ಆತುಕೊಂಡ ಪ್ರಾಸ್ಟೇಟು:
ಹಳದಿಯದು ತುಂಬಿಕೊಂಡು, ಒದ್ದೆ, ನಸುಗೆಂಪು.
ನೀಲಿಯದು ತೇವ ಆರಿದ ನಿಂಬೆ ಬೀಜ;
ತಕ್ಕಡಿ ತಪ್ಪಿತೇನೋ ಎಂದು ಎರಡು ಸಲ ತೂಗಿದೆ.
ಕೆಂಪಿನದು ತಿರುಗಿ ಬಂದಿತ್ತು,
ತನ್ನ ಪಾಲಿಗಿಂತ ಒಂದೆಳೆ ಹೆಚ್ಚೇ.

ಆ ಗ್ರಂಥಿಯಲ್ಲಿ ಸತುವಿದೆ, ಹಣ್ಣಿನ ಸಕ್ಕರೆಯಿದೆ,
ಸಿಟ್ರಿಕ್ ಆಮ್ಲವಿದೆ: ನಮ್ಮ ಇಂಡಿಯ
ನಿಂಬೆಯೊಳಗಿನದೇ ಹುಳಿ, ಅಣುವಿಗೆ ಅಣು.
ಬೀಜ ಹೋದರೆ ಹುಳಿ ಇಳಿಯುತ್ತದೆ.
ಹಣ್ಣಿನಲ್ಲಿ ಹಾಗಿಲ್ಲ.

ನಿಂಬೆ ಗೋಣಿಗಳ ಮೇಲೆ ಕೂತು ಮಗ್ಗಿ ಕಲಿತವಳು ನಾನು.
ಮಗಳು ಹುಳಿಯ ಮೇಲೆ ಪಿಎಚ್‌ಡಿ ಮಾಡುತ್ತಾಳೆ ಎಂದು
ಅಪ್ಪ ಸವಾಲಿನ ಕಟ್ಟೆಯಲ್ಲಿ ಎಲ್ಲರಿಗೂ ಹೇಳಿದ್ದಾನೆ.
ದಲಾಲಿಗಳು ಕೇಳುತ್ತಾರಂತೆ: "ಕಾಗದಿ ತಳಿಯೋ, ಬ್ಯಾರೇದೋ?"
ಫೋನಿನಲ್ಲಿ ಅವನದೂ ಒಂದೇ ಪ್ರಶ್ನೆ:
"ಹುಳಿ ಎಷ್ಟ್ ಬಂತವ್ವಾ ಈ ಸಲ?"
ರಾತ್ರಿ ನಾಲ್ಕು ಸಲ ಎದ್ದು ಹಿತ್ತಲಿಗೆ ಹೋಗುವ ಅಪ್ಪ.
ಯಾಕೆಂದು ಅವನು ಹೇಳುವುದಿಲ್ಲ.
ಯಾವ ಹಣ್ಣಿನದೆಂದು ನಾನೂ ಹೇಳುವುದಿಲ್ಲ.

ಹನ್ನೆರಡು ಗಾಜಿನ ನಳಿಕೆ. ಪಿರಿಡಿನ್ನಿನ ಕೊಳೆತ ಮೀನಿನ ನಾತ.
ಹುಳಿ ಇದ್ದಲ್ಲಿ ಹಳದಿ ಏಳುತ್ತದೆ, ಹೆಚ್ಚಿದ್ದಷ್ಟು ಗಾಢ,
ಹೆಚ್ಚು ಹೊತ್ತು ನಿಲ್ಲುವುದಿಲ್ಲ.
ಕರೆಂಟಿಲ್ಲದೆ ಯಂತ್ರ ಕುರುಡು.
ಮಾಸುವುದನ್ನು ನೋಡುತ್ತಾ ಕೂಡಲಾರದೆ
ಚೀಟಿ ಮರೆಮಾಡಿ ಯಲಗೂರದಪ್ಪನ ಕೈಗೆ ಕೊಟ್ಟೆ:
ನೀನೇ ಸಾಲು ಹಚ್ಚು.

ಗೋಣಿಯ ಸಂದಿನ ಬಿಸಿಲಿಗೆ ಒಂದೊಂದನ್ನೇ ಎತ್ತಿ ಹಿಡಿದ,
ಮಾವಿನಕಾಯಿ ಆರಿಸುವವನ ಹಾಗೆ ಕಣ್ಣು ಕಿರಿದು ಮಾಡಿ.
ನೀಲಿಯ ಮೂರನ್ನು ಕ್ಷಣದಲ್ಲಿ ಬದಿಗಿಟ್ಟ:
"ಇವು ಸಪ್ಪಗ."
ಕೆಂಪಿನವು ಬಲಕ್ಕೆ.
ಉಳಿದ ಆರನ್ನು ಎತ್ತಿದ, ಇಳಿಸಿದ, ಮತ್ತೆ ಎತ್ತಿದ.
"ಇವು ಎಲ್ಲಾ ಒಂದ ಅದಾವಲ್ರಿ,
ಯಾವುದು ಮುಟ್ಟದ್ದು, ಯಾವುದು ಕೊಯ್ದದ್ದು?"

ಅದನ್ನೇ ಸಿದ್ಧಮಾಡಬೇಕಿತ್ತು. ರಿಜಿಸ್ಟರಿನಲ್ಲಿ ಬರೆದುಕೊಂಡೆ.
ಅವನಿಗೆ ಮಾತ್ರ ಸಮಾಧಾನವಿಲ್ಲ.
ಪಂಜರದಲ್ಲಿ ಉಳಿದ ಹಸಿರು ಬಾಲದ್ದೊಂದರ ಮುಂದೆ ಕುಕ್ಕರಗಾಲಲ್ಲಿ ಕೂತು
ಹೊಲಿಗೆಯ ಜಾಗ ಹುಡುಕುತ್ತಿದ್ದ.

ಫ್ಯಾನು ತಿರುಗಿತು.
ಫೋನು ಬಡಕೊಂಡಿತು: ಅಪ್ಪ.
ಯಂತ್ರದ ಮುಳ್ಳು ಇನ್ನೂ ನಡುಗುತ್ತಿದೆ, ನಿಲ್ಲಲಿ ಎಂದು ಕಾಯುತ್ತಿದ್ದೇನೆ.